ಕ್ರೈಸ್ಲರ್ ಗಾಡಿ ಕೊಳ್ಳಬಹುದಾ? ನೂರು ವರ್ಷದ ಕಂಪನಿ, ಮಾಲೀಕರ ಹಳೇ ದೂರುಗಳು

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಫ್ಯಾಮಿಲಿ ಗಾಡಿ ಹುಡುಕುವವರ ಕಣ್ಣಿಗೆ ಕ್ರೈಸ್ಲರ್ ಬಿದ್ದೇ ಬೀಳುತ್ತದೆ. ಅದೇ ವರ್ಷದ, ಅಷ್ಟೇ ಮೈಲಿ ಓಡಿದ ಟೊಯೋಟಾ ಸಿಯೆನಾಗೋ ಹೋಂಡಾ ಒಡಿಸ್ಸಿಗೋ ಕೇಳುವ ಬೆಲೆ ನೋಡಿ, ಆಮೇಲೆ ಕ್ರೈಸ್ಲರ್‌ನ ಟೌನ್ ಆಂಡ್ ಕಂಟ್ರಿ ಮಿನಿವ್ಯಾನಿನ (ಮನೆಮಂದಿಯೆಲ್ಲ ಕೂರುವ ವ್ಯಾನ್) ಬೆಲೆ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಒಳಗೆ ಜಾಗ ಧಾರಾಳ. ಹಿಂದಿನ ಸೀಟುಗಳು ಮಡಚಿ ನೆಲದೊಳಗೇ ಹೋಗಿಬಿಡುತ್ತವೆ. ಓಡಿಸಲು ಹಗುರ. ಮತ್ತೆ ಯಾಕೆ ಇಷ್ಟು ಅಗ್ಗ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕಂಪನಿಗೆ ಒಳ್ಳೆಯ ಎಂಜಿನಿಯರುಗಳ ಕೊರತೆ ಯಾವತ್ತೂ ಇರಲಿಲ್ಲ. ಕೊರತೆ ಇದ್ದದ್ದು ತಾಳ್ಮೆಗೆ, ಮತ್ತು ಅನೇಕ ಸಲ ದುಡ್ಡಿಗೆ. ಕೈಯಲ್ಲಿ ಕಾಸಿಲ್ಲದಾಗೆಲ್ಲ ಹೊಸದೊಂದನ್ನು ಪೂರ್ತಿ ಪರೀಕ್ಷೆ ಮಾಡದೆ ಮಾರುಕಟ್ಟೆಗೆ ಬಿಟ್ಟಿದ್ದಾರೆ, ಅದನ್ನು ಮೊದಲ ವರ್ಷ ಕೊಂಡ ಜನ ತಮ್ಮ ದುಡ್ಡಿನಲ್ಲಿ ಕಂಪನಿಯ ಟೆಸ್ಟಿಂಗ್ ಮಾಡಿಕೊಟ್ಟಿದ್ದಾರೆ. ಇದು ಒಂದು ಸಲ ಆಗಿದ್ದರೆ ಮರೆಯಬಹುದಿತ್ತು. ಮತ್ತೆ ಮತ್ತೆ ಆಗಿದೆ.

ಶುರು ಮಾತ್ರ ಬಹಳ ಚೆನ್ನಾಗಿತ್ತು. ವಾಲ್ಟರ್ ಕ್ರೈಸ್ಲರ್ ಕಾನ್ಸಾಸ್‌ನವರು, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಮೇಲೆ ಬಂದ ಮನುಷ್ಯ. ಬ್ಯೂಕ್ ನಡೆಸಿದರು, ಆಮೇಲೆ ಮುಳುಗುತ್ತಿದ್ದ ಮ್ಯಾಕ್ಸ್‌ವೆಲ್ ಕಂಪನಿಯನ್ನು ಕೈಗೆ ತೆಗೆದುಕೊಂಡು 1925ರಲ್ಲಿ ಅದನ್ನೇ ಕ್ರೈಸ್ಲರ್ ಕಾರ್ಪೊರೇಷನ್ ಮಾಡಿದರು. ಅದಕ್ಕೆ ಒಂದು ವರ್ಷ ಮೊದಲು ಬಂದ ಅವರ ಮೊದಲ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಇತ್ತು, ಆ ಬೆಲೆಯ ಕಾರಿನಲ್ಲಿ ಆಗ ಯಾರೂ ಕೊಡದಿದ್ದದ್ದು. 1928ರ ಹೊತ್ತಿಗೆ ಡಾಡ್ಜ್ ಕಂಪನಿಯನ್ನೇ ಕೊಂಡರು, ಪ್ಲಿಮತ್ ಮತ್ತು ಡಿಸೋಟೋ ಹೆಸರಲ್ಲಿ ಹೊಸ ಕಾರು ತಂದರು. ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿ ರೂಪಿಸಿದ 1934ರ ಏರ್‌ಫ್ಲೋ ಕಾರು ತನ್ನ ಕಾಲಕ್ಕಿಂತ ಬಹಳ ಮುಂದಿತ್ತು, ಆದರೆ ಜನರಿಗೆ ಅದರ ಮುಖ ಹಿಡಿಸಲಿಲ್ಲ. ಜೊತೆಗೆ ಮೊದಲು ತಯಾರಾದ ಕಾರುಗಳಲ್ಲಿ ದೋಷ ಕಾಣಿಸಿಕೊಂಡವು, ಅಲ್ಲಿಗೆ ಹೆಸರು ಕೆಟ್ಟಿತು.

1957ರಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಕಂಪನಿಯ ವಿನ್ಯಾಸಕಾರ ವರ್ಜಿಲ್ ಎಕ್ಸ್ನರ್ ರೂಪಿಸಿದ, ಹಿಂಬದಿಯಲ್ಲಿ ಉದ್ದ ರೆಕ್ಕೆ ಇದ್ದ ಆ ಕಾರುಗಳು ನೋಡಲು ಅದ್ಭುತ, ಇವತ್ತಿಗೂ ನನಗೆ ಅಮೆರಿಕದ ಅತಿ ಚಂದದ ಕಾರುಗಳ ಸಾಲಿನಲ್ಲಿ ಅವು ಬರುತ್ತವೆ. ಜನ ಮುಗಿಬಿದ್ದು ಕೊಂಡರು. ಪ್ಲಿಮತ್ ಮಾರಾಟದಲ್ಲಿ ಮತ್ತೆ ಮೂರನೇ ಸ್ಥಾನಕ್ಕೆ ಏರಿತು. ಆದರೆ ಅವಸರದಲ್ಲಿ ಮಾಡಿದ ಗಾಡಿ. ಮಳೆ ಬಂದರೆ ಒಳಗೆ ನೀರು ಸೋರುತ್ತಿತ್ತು, ಬಣ್ಣ ಏಳುತ್ತಿತ್ತು, ಮುಂದಿನ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಟಾರ್ಷನ್ ಬಾರ್ ಮುರಿಯುತ್ತಿತ್ತು, ತುಕ್ಕಂತೂ ಕೇಳಬೇಡಿ. ಹೊಸ ಕಾರು ಕೊಂಡವರು ಎರಡು ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಬಾಡಿಯಲ್ಲಿ ತೂತು ನೋಡಬೇಕಾಯಿತು. ಡಿಸೋಟೋ 1960ರ ಕೊನೆಗೆ ಮುಚ್ಚಿಹೋಯಿತು.

ಇನ್ನೊಂದು ಕಡೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ಅದೇ 1960ರಲ್ಲಿ ವೇಲಿಯಂಟ್ ಕಾರಿನ ಜೊತೆ ಸ್ಲಾಂಟ್ ಸಿಕ್ಸ್ ಎಂಜಿನ್ ಬಂತು. ಆರು ಸಿಲಿಂಡರ್, ಒಂದು ಕಡೆಗೆ ವಾಲಿಸಿ ಕೂರಿಸಿದ್ದು. ಅಷ್ಟು ಗಟ್ಟಿ ಎಂಜಿನ್ ಅಮೆರಿಕದಲ್ಲಿ ಬಂದದ್ದೇ ಅಪರೂಪ. ಅದರ ಜೊತೆ ಟಾರ್ಕ್‌ಫ್ಲೈಟ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅದೂ ಅಷ್ಟೇ ನಂಬಿಕಸ್ತ. 1963ರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 5 ವರ್ಷ ಅಥವಾ 50,000 ಮೈಲಿ ವಾರಂಟಿ ಕೊಟ್ಟರು. ಆ ಕಾಲಕ್ಕೆ ಅದು ಎದೆಗಾರಿಕೆಯ ಮಾತು. ಡಾಡ್ಜ್ ಡಾರ್ಟ್, ಪ್ಲಿಮತ್ ವೇಲಿಯಂಟ್ ಇಟ್ಟುಕೊಂಡಿದ್ದವರು ಅವುಗಳ ಬಗ್ಗೆ ಪ್ರೀತಿಯಿಂದಲೇ ಮಾತಾಡುತ್ತಾರೆ.

ಹಾಗಿದ್ದ ಡಾರ್ಟ್ ಮತ್ತು ವೇಲಿಯಂಟನ್ನು ಕಂಪನಿ 1976ರಲ್ಲಿ ನಿಲ್ಲಿಸಿತು. ಅವುಗಳ ಜಾಗಕ್ಕೆ ಬಂದದ್ದು ಡಾಡ್ಜ್ ಆಸ್ಪೆನ್ ಮತ್ತು ಪ್ಲಿಮತ್ ವೊಲಾರೆ. ಒಂದು ಹೆಸರಾಂತ ಕಾರು ಪತ್ರಿಕೆ ಇವಕ್ಕೆ ವರ್ಷದ ಕಾರು ಪ್ರಶಸ್ತಿಯನ್ನೂ ಕೊಟ್ಟಿತು. ರಸ್ತೆಗೆ ಇಳಿದ ಮೇಲೆ ನಿಜ ಗೊತ್ತಾಯಿತು. ಓಡುತ್ತಾ ಓಡುತ್ತಾ ಎಂಜಿನ್ ಬಂದ್ ಆಗುವುದು, ಮುಂದಿನ ಫೆಂಡರ್‌ಗಳಿಗೆ ಬೇಗ ತುಕ್ಕು, ಒಂದರ ಹಿಂದೆ ಒಂದು ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿಗಳನ್ನು ವಾಪಸ್ ಕರೆಯುವುದು). ಫೆಂಡರ್‌ಗಳನ್ನು ಕಂಪನಿ ತನ್ನ ಖರ್ಚಿನಲ್ಲೇ ಬದಲಿಸಬೇಕಾಯಿತು. ಅದೇ ಕಾಲದಲ್ಲಿ ಇನ್ನೊಂದು ಕೆಟ್ಟ ಅಭ್ಯಾಸವೂ ಇತ್ತು, ಅದಕ್ಕೆ ಸೇಲ್ಸ್ ಬ್ಯಾಂಕ್ ಅನ್ನುತ್ತಿದ್ದರು. ಡೀಲರ್ ಆರ್ಡರ್ ಇಲ್ಲದೆಯೇ ಕಾರು ಮಾಡಿ ಡೆಟ್ರಾಯಿಟ್ ಸುತ್ತಮುತ್ತ ಬಯಲಲ್ಲಿ ಮಳೆ, ಹಿಮಕ್ಕೆ ನಿಲ್ಲಿಸುವುದು, ತಿಂಗಳ ಕೊನೆಗೆ ಡೀಲರುಗಳಿಗೆ ಫೋನ್ ಮಾಡಿ ಬೆಲೆ ಇಳಿಸಿ ತಳ್ಳುವುದು. ತಿಂಗಳುಗಟ್ಟಲೆ ಬಯಲಲ್ಲಿ ನಿಂತ ಕಾರನ್ನು ಹೊಸದು ಅಂತ ಮನೆಗೆ ತಂದವನ ಗತಿ ಏನು ಅಲ್ವಾ?

1979ರಲ್ಲಿ ನಷ್ಟ ನೂರು ಕೋಟಿ ಡಾಲರ್ ದಾಟಿತು. ಫೋರ್ಡ್‌ನಿಂದ ಹೊರಬಿದ್ದ ಲೀ ಅಯಕೋಕಾ ಬಂದು ಸೇಲ್ಸ್ ಬ್ಯಾಂಕ್ ಮುಚ್ಚಿಸಿದರು, ಸರ್ಕಾರದಿಂದ 150 ಕೋಟಿ ಡಾಲರ್ ಸಾಲಕ್ಕೆ ಖಾತರಿ ಪಡೆದರು, 1983ರಲ್ಲೇ ಆ ಸಾಲ ತೀರಿಸಿದರು. ಕೆ-ಕಾರ್ ಅನ್ನುವ ಸಣ್ಣ ಕಾರುಗಳ ಸಾಲು ಕಂಪನಿಯನ್ನು ಉಳಿಸಿತು. 1984ರ ಮಿನಿವ್ಯಾನ್ ಅಮೆರಿಕದ ಸಂಸಾರಗಳು ಓಡಾಡುವ ರೀತಿಯನ್ನೇ ಬದಲಾಯಿಸಿತು. ಕಾರಿನಂತೆ ಓಡಿಸಬಹುದು, ಗ್ಯಾರೇಜಿನಲ್ಲಿ ಹಿಡಿಸುತ್ತದೆ, ಏಳು ಜನ ಕೂರಬಹುದು. ಇದಕ್ಕಾಗಿ ಕ್ರೈಸ್ಲರ್‌ಗೆ ಪೂರ್ತಿ ಮೆಚ್ಚುಗೆ ಸಲ್ಲಬೇಕು, ನಾನಂತೂ ಮನಸಾರೆ ಕೊಡುತ್ತೇನೆ.

ಆದರೆ ಅದೇ ಮಿನಿವ್ಯಾನ್ ಮಾಲೀಕರಿಗೆ ಕಂಪನಿ ಕೊಟ್ಟದ್ದು ಅಲ್ಟ್ರಾಡ್ರೈವ್. 1989ರಲ್ಲಿ ಬಂದ ಈ ನಾಲ್ಕು ಗೇರಿನ ಎಲೆಕ್ಟ್ರಾನಿಕ್ ಟ್ರಾನ್ಸ್‌ಮಿಷನ್ ಕಾಗದದ ಮೇಲೆ ಬುದ್ಧಿವಂತ ಕೆಲಸ. ಗೇರ್ ಬದಲಾವಣೆಯನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಏನಾದರೂ ತಪ್ಪು ಕಂಡರೆ ಗೇರ್‌ಬಾಕ್ಸ್ ಹಾಳಾಗದಿರಲಿ ಅಂತ ಎರಡನೇ ಗೇರಿನಲ್ಲೇ ನಿಂತುಬಿಡುತ್ತದೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಗಾಡಿ ಇದ್ದಕ್ಕಿದ್ದಂತೆ ಎರಡನೇ ಗೇರಿಗೆ ಇಳಿದರೆ ಹೇಗಿರುತ್ತದೆ ಯೋಚಿಸಿ. ಇದಕ್ಕೆ ಮತ್ತೊಂದು ತೊಂದರೆ ಸೇರಿಕೊಂಡಿತು. ಈ ಗೇರ್‌ಬಾಕ್ಸಿಗೆ ಕ್ರೈಸ್ಲರ್‌ನ ಸ್ವಂತ ಆಯಿಲ್ಲೇ ಬೇಕು, ಆದರೆ ಶುರುವಿನಲ್ಲಿ ಎಲ್ಲೆಲ್ಲೂ ಸಿಗುವ ಡೆಕ್ಸ್‌ರಾನ್ ಆಯಿಲ್ ಕೂಡ ನಡೆಯುತ್ತದೆ ಎಂದು ಕಂಪನಿಯೇ ಹೇಳಿತ್ತು. ನಂಬಿ ಹಾಕಿಸಿದವರ ಗೇರ್‌ಬಾಕ್ಸ್ ನಡುಗತೊಡಗಿತು. ವರ್ಷ ಕಳೆದಂತೆ ಒಳಗಿನ ಭಾಗಗಳನ್ನೂ ಸಾಫ್ಟ್‌ವೇರನ್ನೂ ತಿದ್ದಿದರು, ಕೊನೆಕೊನೆಗೆ ಅದೇ ಗೇರ್‌ಬಾಕ್ಸ್ ಸಾಕಷ್ಟು ಚೆನ್ನಾಗಿಯೇ ಓಡಿತು. ಮೊದಲ ವರ್ಷಗಳಲ್ಲಿ ಕೊಂಡವರಿಗೆ ಅದರಿಂದ ಏನು ಬಂತು?

1998ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಬಂದು ಸೇರಿಕೊಂಡಿತು. ಸಮಾನರ ವಿಲೀನ ಅಂತ ಹೇಳಿದರು, ನಿಜದಲ್ಲಿ ಅಧಿಕಾರ ಎಲ್ಲಾ ಜರ್ಮನಿಗೆ ಹೋಯಿತು. ಈ ಕಾಲದ 2.7 ಲೀಟರ್ ವಿ6 ಎಂಜಿನ್ ಬಗ್ಗೆ ಒಂದೇ ಮಾತು ಹೇಳುತ್ತೇನೆ, ದೂರ ಇರಿ. ಡಾಡ್ಜ್ ಇಂಟ್ರೆಪಿಡ್, ಕ್ರೈಸ್ಲರ್ ಕಾಂಕಾರ್ಡ್, ಸೀಬ್ರಿಂಗ್ ಕಾರುಗಳಲ್ಲಿ ಇದು ಇತ್ತು. ನೀರಿನ ಪಂಪು ಎಂಜಿನ್ನಿನ ಒಳಗೆ, ಟೈಮಿಂಗ್ ಚೈನಿನಿಂದ ತಿರುಗುವಂತೆ ಇದೆ. ಅದರ ಗ್ಯಾಸ್ಕೆಟ್ ಸೋತರೆ ಕೂಲೆಂಟ್ ಸೀದಾ ಆಯಿಲ್‌ಗೆ ಇಳಿಯುತ್ತದೆ. ಹೊರಗೆ ಒಂದು ಹನಿ ಕಾಣಿಸುವುದಿಲ್ಲ. ಒಳಗೆ ಆಯಿಲ್ ಗಟ್ಟಿ ರಾಡಿ ಆಗಿ ಬೇರಿಂಗ್ ತಿಂದುಹಾಕುತ್ತದೆ. ಸರಿಯಾಗಿ ಆಯಿಲ್ ಬದಲಿಸುತ್ತಿದ್ದೆವು ಅಂದವರಿಗೂ ಎಷ್ಟೋ ಸಲ ಬಂದ ಉತ್ತರ, ನೀವು ಸರಿಯಾಗಿ ನೋಡಿಕೊಂಡಿಲ್ಲ ಅಂತ.

2007ರಲ್ಲಿ ಡೈಮ್ಲರ್ ಕೈತೊಳೆದುಕೊಂಡು ಸರ್ಬೆರಸ್ ಅನ್ನೋ ಹೂಡಿಕೆ ಕಂಪನಿಗೆ ಮಾರಿತು. ಅದೇ ವರ್ಷ ಕ್ರೈಸ್ಲರ್ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಜೀವಮಾನದ ವಾರಂಟಿ ಘೋಷಿಸಿತು. ಕೇಳಲು ಎಷ್ಟು ಚೆಂದ! ಷರತ್ತು ಏನೆಂದರೆ ಪ್ರತಿ ಐದು ವರ್ಷಕ್ಕೊಮ್ಮೆ ನಿಗದಿತ ಅವಧಿಯೊಳಗೆ ಡೀಲರ್ ಹತ್ತಿರ ತಪಾಸಣೆ ಮಾಡಿಸಬೇಕು, ತಪ್ಪಿದರೆ ವಾರಂಟಿ ಹೋಯಿತು. ಗಾಡಿ ಕೈ ಬದಲಾದರೂ ಹೋಯಿತು. ಸೆಕೆಂಡ್ ಹ್ಯಾಂಡ್ ಮಾರುವವರು ಈ ವಾರಂಟಿ ತೋರಿಸಿ ಬೆಲೆ ಏರಿಸಿದರೆ ನಂಬಬೇಡಿ. 2009ರ ಏಪ್ರಿಲ್ 30ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು, ಫಿಯಟ್ ಕೈಹಿಡಿಯಿತು, 789 ಡೀಲರುಗಳ ಜೊತೆ ಸಂಬಂಧ ಕಡಿದುಕೊಂಡಿತು. ಸಣ್ಣ ಊರುಗಳಲ್ಲಿ ವರ್ಷಗಟ್ಟಲೆ ಒಬ್ಬನೇ ಡೀಲರ್ ಹತ್ತಿರ ಹೋಗುತ್ತಿದ್ದವರು ಸರ್ವಿಸ್‌ಗೆ ದೂರ ಹೋಗಬೇಕಾಯಿತು.

ಫಿಯಟ್ ಬಂದ ಮೇಲೆ ಒಳಾಂಗಣ, ಎಂಜಿನ್ ಎಲ್ಲಾ ಸುಧಾರಿಸಿದವು. ವಿದ್ಯುತ್ ಭಾಗಗಳ ಕಾಟ ಮಾತ್ರ ಬಿಡಲಿಲ್ಲ. ಬಾನೆಟ್ ಕೆಳಗೆ ಟಿಪ್‌ಎಂ ಅನ್ನುವ ಒಂದು ಪೆಟ್ಟಿಗೆ ಇರುತ್ತದೆ, ಫ್ಯೂಸು, ರಿಲೇ, ಕಂಪ್ಯೂಟರ್ ಎಲ್ಲಾ ಒಂದರಲ್ಲೇ. ಅದು ಕೆಟ್ಟರೆ ಪೆಟ್ರೋಲ್ ಪಂಪು ಶುರುವಾಗುವುದಿಲ್ಲ, ಅಥವಾ ಕೀ ತೆಗೆದರೂ ನಿಲ್ಲುವುದಿಲ್ಲ. ವೈಪರ್ ತಾನಾಗಿ ಆಡುತ್ತದೆ, ಹಾರ್ನ್ ಹೊಡೆದುಕೊಳ್ಳುತ್ತದೆ ಅಂತೆಲ್ಲ ದೂರು. 2014ರಲ್ಲಿ ಪೆಟ್ರೋಲ್ ಪಂಪಿನ ರಿಲೇ ಕಾರಣಕ್ಕೆ ಇದೇ ಕಂಪನಿಯ 2011ರ ಜೀಪ್ ಗ್ರ್ಯಾಂಡ್ ಚೆರೋಕಿ, ಡಾಡ್ಜ್ ಡುರಾಂಗೋ ಗಾಡಿಗಳನ್ನು ವಾಪಸ್ ಕರೆದರು. ಆಮೇಲೆ 2016ರಲ್ಲಿ ಗೇರ್ ಲಿವರ್ ಪ್ರಕರಣ. ಲಿವರ್ ತಳ್ಳಿದ ಮೇಲೆ ಅದು ಮತ್ತೆ ನಡುವಿಗೇ ಬಂದು ನಿಲ್ಲುತ್ತಿತ್ತು, ಗಾಡಿ ಪಾರ್ಕ್‌ನಲ್ಲಿದೆಯೋ ಇಲ್ಲವೋ ಕೈಗೆ ಗೊತ್ತಾಗುತ್ತಿರಲಿಲ್ಲ. ಪಾರ್ಕ್ ಅಂದುಕೊಂಡು ಇಳಿದವರ ಮೇಲೆ ಗಾಡಿ ಉರುಳಿತು, ಜನರಿಗೆ ಗಾಯಗಳಾದವು. ಸುಮಾರು 11 ಲಕ್ಷ ಗಾಡಿಗಳ ರೀಕಾಲ್ ಅದು. ಇದಕ್ಕೂ ಮೊದಲೇ, 2015ರಲ್ಲಿ, ರೀಕಾಲ್‌ಗಳನ್ನು ಸರಿಯಾಗಿ ನಡೆಸಲಿಲ್ಲ ಅಂತ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಈ ಕಂಪನಿಗೆ 10.5 ಕೋಟಿ ಡಾಲರ್ ದಂಡ ಹಾಕಿತ್ತು.

ಈ ದಂಡದ ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಗಾಡಿ ಕೆಡುವುದು ಎಲ್ಲಾ ಕಂಪನಿಯಲ್ಲೂ ಇದೆ, ಜನ ಅದನ್ನು ಕ್ಷಮಿಸುತ್ತಾರೆ. ಮಾಲೀಕರ ದೂರುಗಳನ್ನು ಓದುತ್ತಾ ಹೋದರೆ ಸಿಟ್ಟು ಬೇರೆ ಕಡೆ ಇದೆ. ಡೀಲರ್ ಹತ್ತಿರ ತಗೊಂಡು ಹೋದಾಗ ಗಾಡಿ ಸರಿಯಾಗಿ ಓಡುತ್ತದೆ, ನಮಗೆ ಏನೂ ಕಾಣಲಿಲ್ಲ ಅಂತ ವಾಪಸ್ ಕಳಿಸುತ್ತಾರೆ, ಮನೆಗೆ ಬರುವ ದಾರಿಯಲ್ಲೇ ಮತ್ತೆ ನಿಲ್ಲುತ್ತದೆ. ರೀಕಾಲ್ ಕಾಗದ ಬರುತ್ತದೆ, ಪಾರ್ಟ್ ಬಂದಿರುವುದಿಲ್ಲ. ಅಷ್ಟರಲ್ಲಿ ಸಾಲದ ಕಂತು ಕಟ್ಟುತ್ತಲೇ ಇರಬೇಕು. ಹೀಗಾದವರು ಪ್ರತಿ ಸಲ ಡೀಲರ್ ಹತ್ತಿರ ಹೋದಾಗಲೂ, ಏನೂ ಸಿಗಲಿಲ್ಲ ಅಂದರೂ, ದೂರನ್ನು ಬರೆಸಿ ರಿಪೇರಿ ಆರ್ಡರ್ ಪ್ರತಿ ಇಸಿದುಕೊಳ್ಳಬೇಕು. ಹೊಸ ಗಾಡಿ ಆದರೆ, ಮತ್ತೆ ಮತ್ತೆ ಕೆಡುವ ಗಾಡಿ ಕೊಂಡವರನ್ನು ಕಾಪಾಡುವ ಲೆಮನ್ ಕಾನೂನಿನ ಕೆಳಗೆ ದುಡ್ಡು ವಾಪಸ್ ಕೇಳಲು ಆ ಕಾಗದಗಳೇ ಸಾಕ್ಷಿ. ಕನೆಕ್ಟಿಕಟ್ 1982ರಲ್ಲಿ ಇಂಥ ಕಾನೂನು ಮಾಡಿತು, ಆಮೇಲೆ ಉಳಿದ ರಾಜ್ಯಗಳೂ ಮಾಡಿದವು, ನಿಯಮ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಹಾಗಾದರೆ ಕೊಳ್ಳಬಾರದಾ? ಹಾಗೇನಿಲ್ಲ, ಯಾವುದನ್ನು ಕೊಳ್ಳುತ್ತೀರಿ ಅನ್ನೋದರ ಮೇಲೆ ಇದೆ. 3.6 ಲೀಟರ್ ಪೆಂಟಾಸ್ಟಾರ್ ಎಂಜಿನ್ ಒಟ್ಟಿನಲ್ಲಿ ಒಳ್ಳೆಯದು. 2011ರಿಂದ 2013ರವರೆಗಿನ ಕೆಲವು ಎಂಜಿನ್‌ಗಳಲ್ಲಿ ಎಡಗಡೆಯ ಸಿಲಿಂಡರ್ ಹೆಡ್ ಕೆಡುತ್ತಿತ್ತು, ಅದಕ್ಕೆ ಕಂಪನಿ 10 ವರ್ಷ ಅಥವಾ 1,50,000 ಮೈಲಿಗೆ ವಾರಂಟಿ ಹೆಚ್ಚಿಸಿತು. ಆ ಹತ್ತು ವರ್ಷ ಈಗ ಮುಗಿದಿದೆ, ಹಾಗಾಗಿ ಟೌನ್ ಆಂಡ್ ಕಂಟ್ರಿ ಬೇಕೇ ಬೇಕು ಅಂದರೆ 2014ರಿಂದ 2016ರೊಳಗಿನದು ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನಿಮ್ಮೆದುರು ಸ್ಟಾರ್ಟ್ ಮಾಡಿಸಿ. ಟಕ ಟಕ ಸದ್ದು ನಿಲ್ಲದೆ ಬಂದರೆ ವಾಲ್ವ್ ತೆರೆಯುವ ರಾಕರ್ ಆರ್ಮ್ ಹೋಗುತ್ತಿರಬಹುದು. ಎಂಜಿನ್ ಮೇಲ್ಭಾಗದ ಮಧ್ಯೆ ಟಾರ್ಚ್ ಹಾಕಿ ನೋಡಿ, ಅಲ್ಲಿ ಪ್ಲಾಸ್ಟಿಕ್‌ನ ಆಯಿಲ್ ಫಿಲ್ಟರ್ ಹೌಸಿಂಗ್ ಸೋರಿದ್ದರೆ ಆಯಿಲ್ ನಿಂತಿರುತ್ತದೆ. ಗೇರ್‌ಬಾಕ್ಸಿಗೆ ಎಟಿಎಫ್ ಪ್ಲಸ್ ಫೋರ್ ಅನ್ನುವ ಕ್ರೈಸ್ಲರ್ ಆಯಿಲ್ ಬಿಟ್ಟು ಬೇರೆ ಆಯಿಲ್ ಹಾಕಿದ್ದರೆ ಬಿಟ್ಟುಬಿಡಿ. ಗಾಡಿಯ ಗುರುತಿನ ಸಂಖ್ಯೆ, ಅಂದರೆ ವಿನ್ ನಂಬರ್ ತಗೊಂಡು ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್ ಎಲ್ಲಾ ತೋರಿಸುತ್ತದೆ, ಅವುಗಳ ರಿಪೇರಿ ಉಚಿತ, ನೀವು ಎಷ್ಟನೇ ಮಾಲೀಕ ಅನ್ನೋದು ಮುಖ್ಯ ಅಲ್ಲ.

ಹೊಸದು ಬೇಕೆನ್ನುವವರಿಗೆ ಈಗ ಕ್ರೈಸ್ಲರ್ ಹೆಸರಲ್ಲಿ ಉಳಿದಿರುವುದು ಪೆಸಿಫಿಕಾ ಮಿನಿವ್ಯಾನ್ ಮತ್ತು ಅದರದೇ ಕಡಿಮೆ ಬೆಲೆಯ ರೂಪ ವಾಯೇಜರ್ ಅಷ್ಟೇ. 300 ಸೆಡಾನ್ 2023ಕ್ಕೆ ನಿಂತುಹೋಯಿತು. 2021ರಿಂದ ಕಂಪನಿ ಸ್ಟೆಲಾಂಟಿಸ್ ಗುಂಪಿನ ಒಂದು ಹೆಸರು ಮಾತ್ರ. ಪೆಟ್ರೋಲ್ ಪೆಸಿಫಿಕಾ ಹಲವು ವರ್ಷ ತಿದ್ದಿ ತಿದ್ದಿ ಪಕ್ವವಾದ ಗಾಡಿ, ನನಗೆ ಅದರ ಮೇಲೆ ಸಾಕಷ್ಟು ನಂಬಿಕೆ ಇದೆ. ಸೆಕೆಂಡ್ ಹ್ಯಾಂಡ್ ಪೆಸಿಫಿಕಾ ಹೈಬ್ರಿಡ್, ಅದರಲ್ಲೂ 2017, 2018ರದು, ಬೇಡ. 2022ರಲ್ಲಿ ಬೆಂಕಿಯ ಭಯಕ್ಕೆ ಈ ಗಾಡಿಗಳನ್ನು ಚಾರ್ಜ್ ಮಾಡಬೇಡಿ, ಮನೆಯಿಂದ ದೂರ ಹೊರಗೆ ನಿಲ್ಲಿಸಿ ಅಂತ ಕಂಪನಿಯೇ ಮಾಲೀಕರಿಗೆ ಹೇಳಿತ್ತು. ರೀಕಾಲ್ ರಿಪೇರಿ ಆಗಿದೆ ಅಂತ ಮಾರುವವರು ಕಾಗದ ತೋರಿಸಿದರೂ, ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿ ಮಲಗುವವರಿಗೆ ನಾನು ಅದನ್ನು ಕೊಳ್ಳಿ ಅಂತ ಹೇಳಲಾರೆ.