ರಾಯಗಡದಲ್ಲಿ ನಮಗೆ ಸಿಕ್ಕ ಗೈಡ್: ಐದಕ್ಕೆ ಮೂರೂವರೆ

ಮಹಾರಾಷ್ಟ್ರದ ರಾಯಗಡ ಕೋಟೆಯಲ್ಲಿ ರೋಪ್‌ವೇ ಇಳಿದ ಕೂಡಲೇ ಒಬ್ಬ ಗೈಡ್ ಸಿಕ್ಕರು. ನಗಾರಖಾನೆ, ಅಂದ್ರೆ ನಗಾರಿ ಬಾರಿಸುತ್ತಿದ್ದ ಹೆಬ್ಬಾಗಿಲಲ್ಲಿ ನಿಂತು ಸುಮ್ನೆ ಒಂದು ಕಾಗದ ಹರಿದರು, ಅಷ್ಟು ದೂರದಲ್ಲಿ ಸಿಂಹಾಸನದ ಜಾಗದ ಹತ್ತಿರ ನಿಂತಿದ್ದ ನಮಗೆ ಆ ಪರ್ ಅನ್ನೋ ಸದ್ದು ಚೆನ್ನಾಗಿ ಕೇಳಿಸಿತು. ಇದೊಂದಕ್ಕೇ ದುಡ್ಡು ವಸೂಲಿ! 1674ರ ಶಿವಾಜಿ ಪಟ್ಟಾಭಿಷೇಕವನ್ನಂತೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು.

ಆದರೆ ಕತೆ ಅಲ್ಲಿಗೇ ನಿಂತಿತು. 1689ರಲ್ಲಿ ಇದೇ ಕೋಟೆ ಮೊಘಲರ ಕೈ ಸೇರಿದ್ದು, ಶಿವಾಜಿಯ ಮಗ ರಾಜಾರಾಮ ತಮಿಳುನಾಡಿನ ಜಿಂಜಿ ಕೋಟೆಗೆ ತಪ್ಪಿಸಿಕೊಂಡು ಹೋಗುವಾಗ ನಮ್ಮ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟಿದ್ದು, ಮರಾಠರನ್ನು ಮುಗಿಸುತ್ತೇನೆ ಅಂತ ಬಂದ ಔರಂಗಜೇಬ ದಿಲ್ಲಿಗೆ ವಾಪಸ್ ಹೋಗದೆ 1707ರಲ್ಲಿ ದಖ್ಖನ್‌ನಲ್ಲೇ ಸತ್ತಿದ್ದು, ಒಂದೂ ಇಲ್ಲ. ಅಸಲಿ ಮಜಾ ಇರೋದೇ ಅಲ್ಲಿ ಅಲ್ವಾ? ಕೇಳಿದರೆ ವಾಚ್ ತೋರಿಸಿದರು. ನೀವು ಹೋದರೆ ದುಡ್ಡು ಮಾತಾಡುವಾಗಲೇ ಎಲ್ಲಿವರೆಗಿನ ಕತೆ ಅಂತಲೂ ಮಾತಾಡಿಕೊಳ್ಳಿ.