‘ಫ್ರೀ ಆ್ಯಂಟಿವೈರಸ್’ ಅಂತ ಹುಡುಕುವ ಮುಂಚೆ ಇದನ್ನೊಮ್ಮೆ ಓದಿ

ಮನೆ ಕಂಪ್ಯೂಟರಿಗೆ ರಕ್ಷಣೆ ಬೇಕು ಅಂತ ನೆಟ್‌ನಲ್ಲಿ ‘ಫ್ರೀ ಆ್ಯಂಟಿವೈರಸ್ ಡೌನ್‌ಲೋಡ್’ ಎಂದು ಹುಡುಕಬೇಡಿ. ಹುಡುಕಿದರೂ ಮೇಲೆ ಬರುವ ಮೊದಲ ಲಿಂಕ್ ಒತ್ತಬೇಡಿ. ಒತ್ತಿದರೂ, ಆಮೇಲೆ ಪರದೆ ಮೇಲೆ ಬರುವ ಫೋನ್ ನಂಬರಿಗೆ ಮಾತ್ರ ಕರೆ ಮಾಡಲೇಬೇಡಿ. ತಿಪಟೂರಿನ ನಮ್ಮ ಅಕ್ಕ-ಭಾವನ ಮನೆಯಲ್ಲಿ ಈ ಮೂರೂ ಆದವು. ಸುಮಾರು 41 ಸಾವಿರ ರೂಪಾಯಿ ಹೋಯಿತು. ಭಾವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. “ಬರಿ, ಆದರೆ ನನ್ನ ಹೆಸರು ಹಾಕಬೇಡ ಕಣಮ್ಮ” ಎಂದರು.

ಭಾವನದು ಕೊಬ್ಬರಿ ವ್ಯಾಪಾರ. ಮಂಡಿ ಲೆಕ್ಕ, ಜಿಎಸ್‌ಟಿ, ಬ್ಯಾಂಕಿನ ಕೆಲಸ ಎಲ್ಲ ಮನೆಯ ಡೆಸ್ಕ್‌ಟಾಪ್‌ನಲ್ಲೇ. ಅದು ಆನ್ ಆಗಿ ಕೆಲಸಕ್ಕೆ ಬರೋಕೆ ತುಂಬಾ ಹೊತ್ತು ತಗೊಳ್ಳುತ್ತಿತ್ತು. ಮಂಡಿಯಲ್ಲಿ ಯಾರೋ “ವೈರಸ್ ಹೊಕ್ಕಿರಬೇಕು, ಫ್ರೀ ಆ್ಯಂಟಿವೈರಸ್ ಸಿಗುತ್ತೆ, ಹಾಕ್ಕೊಳ್ಳಿ” ಎಂದರಂತೆ. ರಾತ್ರಿ ಊಟ ಆದ ಮೇಲೆ ಭಾವ ಕೂತು ಹುಡುಕಿದರು. ಮೊದಲು ಬಂದದ್ದು ಒಂದು ಜಾಹೀರಾತು. ಅದು ಜಾಹೀರಾತು ಅಂತ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಐವತ್ತೈದು ದಾಟಿದ ಕಣ್ಣಿಗೆ ಅದೆಲ್ಲಿ ಕಾಣುತ್ತೆ? ದೊಡ್ಡ ಹಸಿರು ಬಟನ್ ಕಂಡಿತು, ಒತ್ತಿದರು. ನೆಕ್ಸ್ಟ್, ನೆಕ್ಸ್ಟ್, ಫಿನಿಶ್.

ಒಂದರ ಜೊತೆ ಇನ್ನೂ ಮೂರು ಬಂದವು. ಕಂಪ್ಯೂಟರ್ ‘ಕ್ಲೀನ್’ ಮಾಡುವುದೊಂದು, ಡ್ರೈವರ್ ಅಪ್‌ಡೇಟ್ ಮಾಡುವುದೊಂದು, ಬ್ರೌಸರ್ ಒಳಗೆ ಕೂತು ಹುಡುಕಾಟವನ್ನೇ ಬೇರೆ ಕಡೆ ತಿರುಗಿಸುವ ಎಕ್ಸ್‌ಟೆನ್ಷನ್ ಒಂದು. ಐದು ನಿಮಿಷದಲ್ಲಿ ಸ್ಕ್ಯಾನ್ ಮುಗಿಯಿತು. ಕೆಂಪಕ್ಷರದಲ್ಲಿ ಸಾವಿರಕ್ಕೂ ಜಾಸ್ತಿ ‘ಅಪಾಯ’ಗಳು. ಹುಡುಕೋದು ಫ್ರೀ, ತೆಗೆಯೋಕೆ 1,899 ರೂಪಾಯಿ. ಭಾವ ಡೆಬಿಟ್ ಕಾರ್ಡ್ ನಂಬರ್ ಕೊಟ್ಟು ಕಟ್ಟಿದರು. ಕಟ್ಟಿದ ಮೇಲೂ ‘ಆ್ಯಕ್ಟಿವೇಶನ್ ಆಗಿಲ್ಲ, ಸಹಾಯವಾಣಿಗೆ ಕರೆ ಮಾಡಿ’ ಅಂತ ಬಂತು. ಮಾಡಿದರು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾವ ದಡ್ಡರಲ್ಲ, ದಿನಾ ವ್ಯಾಪಾರ ಮಾಡುವವರು, ತೂಕದಲ್ಲಿ ಯಾರೂ ಅವರಿಗೆ ಮೋಸ ಮಾಡೋಕಾಗಲ್ಲ. ಅವರನ್ನು ನಂಬಿಸಿದ್ದು ಅವರದೇ ಕಂಪ್ಯೂಟರ್.

ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡಿದ. ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಆ್ಯಪ್ ಹಾಕಿಸಿದ. ಆಮೇಲೆ ‘ಈವೆಂಟ್ ವ್ಯೂವರ್’ ಅನ್ನುವುದನ್ನು ತೆರೆದು ತೋರಿಸಿದ. ಅದರ ತುಂಬಾ ಕೆಂಪು ಗುರುತು, ಹಳದಿ ಗುರುತು. “ನೋಡಿ ಸರ್, ಎಲ್ಲ ವೈರಸ್” ಎಂದ. ಸ್ನೇಹಿತರೇ, ಈವೆಂಟ್ ವ್ಯೂವರ್ ವಿಂಡೋಸ್‌ನ ದಿನಚರಿ ಪುಸ್ತಕ ಇದ್ದ ಹಾಗೆ. ಪ್ರಿಂಟರ್ ಒಂದು ಸಲ ಸಿಗದಿದ್ದರೂ, ಒಂದು ಸರ್ವೀಸ್ ತಡವಾಗಿ ಶುರುವಾದರೂ ಅದರಲ್ಲಿ ‘ಎರರ್’ ಅಂತ ಬರೆದುಕೊಳ್ಳುತ್ತೆ. ನಿಮ್ಮ ಕಂಪ್ಯೂಟರ್‌ನಲ್ಲೂ ಇರುತ್ತೆ, ನಿನ್ನೆ ಅಂಗಡಿಯಿಂದ ತಂದ ಹೊಸ ಲ್ಯಾಪ್‌ಟಾಪ್‌ನಲ್ಲೂ ಇರುತ್ತೆ. ಸ್ಟಾರ್ಟ್ ಒತ್ತಿ ಆ ಹೆಸರು ಟೈಪ್ ಮಾಡಿ, ನೀವೇ ಒಮ್ಮೆ ನೋಡಿಬಿಡಿ. ಇನ್ನೊಬ್ಬರು ತೋರಿಸಿ ಹೆದರಿಸೋಕೆ ಮುಂಚೆ ನೋಡಿಕೊಂಡಿರೋದು ಒಳ್ಳೇದು.

ಮುಂದಿನ ಆಟ ಕಪ್ಪು ಕಿಟಕಿಯದು, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್. ಅದರಲ್ಲಿ ‘ನೆಟ್‌ಸ್ಟ್ಯಾಟ್’ ಎಂದು ಟೈಪ್ ಮಾಡಿದ. ಸಾಲು ಸಾಲು ಅಂಕಿಗಳು ಬಂದವು, ತಲೆ ಮೇಲೆ ‘ಫಾರಿನ್ ಅಡ್ರೆಸ್’ ಅಂತ. “ಫಾರಿನ್ ಹ್ಯಾಕರ್‌ಗಳು ಈಗ ನಿಮ್ಮ ಕಂಪ್ಯೂಟರ್ ಒಳಗೇ ಇದ್ದಾರೆ ಸರ್.” ಅಲ್ಲಿ ಫಾರಿನ್ ಅಂದರೆ ವಿದೇಶ ಅಲ್ಲ, ಸಂಪರ್ಕದ ಆ ತುದಿ ಅಷ್ಟೇ. ಬ್ರೌಸರ್‌ನಲ್ಲಿ ಕನ್ನಡ ಪೇಪರ್ ತೆರೆದಿಟ್ಟರೂ ಅಲ್ಲೊಂದು ಸಾಲು ಬರುತ್ತೆ.

ಹೆದರಿದವರ ಹತ್ತಿರ ಮುಂದಿನ ಕೆಲಸ ಸುಲಭ. ಸರ್ವರ್ ನೋಂದಣಿಗೆ ಹತ್ತು ರೂಪಾಯಿ ನೆಟ್‌ಬ್ಯಾಂಕಿಂಗ್‌ನಿಂದ ಕಟ್ಟಿ ಎಂದ. ಭಾವ ಲಾಗಿನ್ ಆದರು. “ಸ್ಕ್ಯಾನ್ ನಡೀತಿದೆ, ಮೌಸ್ ಮುಟ್ಟಬೇಡಿ” ಎಂದು ಪರದೆಯನ್ನೇ ಕಪ್ಪು ಮಾಡಿದ. ಒಟಿಪಿ ಕೇಳಿದ, ಕೊಟ್ಟರು. ಮೊಬೈಲ್ ಅಕ್ಕನ ಕೈಯಲ್ಲಿತ್ತು. ಹಣ ಹೋದ ಮೆಸೇಜ್ ಎರಡನೇ ಸಲ ಬಂದಾಗ ಅವಳು ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿದಳು. ಆ ಮನೆಯಲ್ಲಿ ಅವತ್ತು ಸರಿಯಾದ ಆ್ಯಂಟಿವೈರಸ್ ಅಂದರೆ ಅವಳೇ. ಅಷ್ಟು ಹೊತ್ತಿಗೆ 39 ಸಾವಿರ ಹೋಗಿತ್ತು.

ಆ ವಾರದ ಕೊನೆಗೆ ನಾನು ಹೋಗಿ ಕಂಪ್ಯೂಟರ್ ಬಿಚ್ಚಿ ಕೂತೆ. ಸಿಕ್ಕಿದ್ದನ್ನು ಹೇಳುತ್ತೇನೆ. ಇದು ನಿಮ್ಮಲ್ಲೂ ಇರಬಹುದು.

ಬಲಗಡೆ ಕೆಳಮೂಲೆಯಲ್ಲಿ ‘ನಿಮ್ಮ ರಕ್ಷಣೆ ಮುಗಿದಿದೆ’ ಅಂತ ಹೆಸರಾಂತ ಆ್ಯಂಟಿವೈರಸ್ ಕಂಪನಿಯ ಚಿಹ್ನೆ ಇಟ್ಟುಕೊಂಡು ಪದೇ ಪದೇ ಬರುತ್ತಿತ್ತು. ಅದು ಆ ಕಂಪನಿಯದಲ್ಲ. ಯಾವುದೋ ವೆಬ್‌ಸೈಟ್‌ನ ನೋಟಿಫಿಕೇಶನ್. ಎಂದೋ ಒಂದು ಸಲ ‘ಅಲೋ’ ಒತ್ತಿರುತ್ತಾರೆ, ಅಲ್ಲಿಂದ ಶುರು. ಬ್ರೌಸರ್ ಸೆಟ್ಟಿಂಗ್ಸ್ ಒಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ಅಂತ ಇದೆ. ಅಲ್ಲಿ ಗುರುತಿಲ್ಲದ ಸೈಟ್‌ಗಳನ್ನು ತೆಗೆದರೆ ಆಯಿತು. ಇದಕ್ಕೆ ಸಾಫ್ಟ್‌ವೇರೂ ಬೇಡ, ದುಡ್ಡೂ ಬೇಡ. ಹಾಗೇ ಇನ್ನೊಂದು ಮಾತು: ವೆಬ್ ಪುಟವೊಂದು ನಿಮ್ಮ ಡಿಸ್ಕನ್ನು ಸ್ಕ್ಯಾನ್ ಮಾಡೋಕೆ ಆಗೋದೇ ಇಲ್ಲ. ಪುಟ ತೆರೆದ ತಕ್ಷಣ ‘ಸ್ಕ್ಯಾನ್’ ಓಡಿದರೆ ಅದು ಬರೀ ಚಿತ್ರ. ಪರದೆ ತುಂಬಾ ಹರಡಿಕೊಂಡು ಮುಚ್ಚೋಕೇ ಬಿಡದಿದ್ದರೆ ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಇಲ್ಲವಾದರೆ ಆಲ್ಟ್ ಜೊತೆ ಎಫ್4 ಒತ್ತಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಅದು ಕಳ್ಳರದು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇನ್ನೊಂದು ಕಡೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್ ನೋಡಿದೆ. ಎಕ್ಸ್‌ಕ್ಲೂಷನ್ಸ್ ಅಂದರೆ ‘ಇವುಗಳನ್ನು ಮಾತ್ರ ತಪಾಸಣೆ ಮಾಡಬೇಡ’ ಅನ್ನುವ ಪಟ್ಟಿ. ಅದರಲ್ಲಿ ಇಡೀ ಸಿ ಡ್ರೈವ್ ಇತ್ತು! ಅಂದರೆ ಕಾವಲುಗಾರನನ್ನು ನಿಲ್ಲಿಸಿ, ಮನೆ ಕಡೆ ಮಾತ್ರ ನೋಡಬೇಡ ಎಂದ ಹಾಗೆ. ಪಟ್ಟಿಯಲ್ಲಿ ಅದರ ಜೊತೆಗೇ ಮೈಕ್ರೋಸಾಫ್ಟ್ ಆಫೀಸನ್ನು ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಕದ್ದು ಬಳಸೋಕೆ ಬೀಗ ಮುರಿದ, ಫೋಲ್ಡರ್ ಕೂಡ ಇತ್ತು. ಕಂಪ್ಯೂಟರ್ ಜೋಡಿಸಿ ಕೊಟ್ಟ ಅಂಗಡಿಯವರು ಕಳ್ಳ ಆಫೀಸ್ ಹಾಕುವಾಗ, ಅದನ್ನು ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್) ಹಿಡಿಯುತ್ತೆ ಅಂತ ಈ ಕೆಲಸ ಮಾಡಿಟ್ಟಿದ್ದರು. ಅಂದಿನಿಂದ ಆ ಕಂಪ್ಯೂಟರಿಗೆ ರಕ್ಷಣೆಯೇ ಇರಲಿಲ್ಲ. ಮೇಲೆ ನೋಡಿದರೆ ಹಸಿರು ಟಿಕ್. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಅಂತ ಸೂಚನೆ ಇರುತ್ತಲ್ಲ, ಅದನ್ನು ಓದಿಯೂ ಮುಂದೆ ಹೋಗುವವರಿಗೆ ನಾನೇನು ಹೇಳಲಿ. ಬರೀ ಪತ್ರ, ಲೆಕ್ಕ ಅಂದರೆ ಲಿಬ್ರೆಆಫೀಸ್ ಸಾಕು. ಅದು ನಿಜವಾಗಿಯೂ ಫ್ರೀ.

ಈ ಎಕ್ಸ್‌ಕ್ಲೂಷನ್ಸ್ ಪಟ್ಟಿ ಸಾಮಾನ್ಯ ಮನೆ ಕಂಪ್ಯೂಟರ್‌ನಲ್ಲಿ ಖಾಲಿ ಇರಬೇಕು. ನೀವು ಹಾಕದ ಏನಾದರೂ ಕಂಡರೆ ತೆಗೆಯಿರಿ. ತೆಗೆದು, ಅಲ್ಲೇ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ಹುಡುಕುತ್ತೆ. ಸುಮಾರು ಕಾಲು ಗಂಟೆ ಹಿಡಿಯುತ್ತೆ. ಹಾಗೇ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿಕೊಳ್ಳಿ, ಬೇರೆ ಸಾಫ್ಟ್‌ವೇರ್‌ಗಳು ಡಿಫೆಂಡರ್ ಸೆಟ್ಟಿಂಗ್ಸ್ ಬದಲಿಸದಂತೆ ತಡೆಯುವುದು ಅದೇ.

“ಹಾಗಾದರೆ ಹೆಸರಿರುವ ಕಂಪನಿಗಳ ಫ್ರೀ ಆ್ಯಂಟಿವೈರಸ್ ಹಾಕ್ಕೊಳ್ಳಬಹುದಲ್ವಾ?” ಅಂತ ಭಾವ ಕೇಳಿದರು. ಅಸಲಿ ಕಂಪನಿ, ಅಸಲಿ ಸೈಟ್ ಆದರೆ ಕಳ್ಳರಂತೂ ಬರಲ್ಲ. ಆದರೆ ಅವರ ಊಟ ಎಲ್ಲಿಂದ ಬರುತ್ತೆ ಅಂತಲೂ ಕೇಳಬೇಕು. ಅವಾಸ್ಟ್ ಗೊತ್ತಲ್ಲ, ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಇದ್ದ ಫ್ರೀ ಆ್ಯಂಟಿವೈರಸ್. ಜನ ಯಾವ ಸೈಟಿಗೆ ಹೋಗುತ್ತಾರೆ, ಏನು ಹುಡುಕುತ್ತಾರೆ ಅನ್ನುವ ಮಾಹಿತಿಯನ್ನು ತನ್ನದೇ ಜಂಪ್‌ಶಾಟ್ ಅನ್ನುವ ಕಂಪನಿಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಅದು ಪತ್ರಿಕೆಗಳಲ್ಲಿ ಬಂದು ಗಲಾಟೆಯಾದ ಮೇಲೆ ಜಂಪ್‌ಶಾಟ್ ಮುಚ್ಚಿದರು. ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕೆಂದು ಹೇಳಿತು. ನೂರಕ್ಕೂ ಹೆಚ್ಚು ಕಂಪನಿಗಳಿಗೆ ಮಾರಿದ್ದರು ಎಂಬುದು ಕಮಿಷನ್‌ನ ಆರೋಪ. ಜಾಹೀರಾತಿನವರು ಹಿಂಬಾಲಿಸದಂತೆ ತಡೆಯುತ್ತೇವೆ ಅಂತ ಹೇಳಿಕೊಂಡೇ ಇದನ್ನು ಮಾಡಿದ್ದರು ಅನ್ನುವುದು ಇನ್ನೂ ಚೆಂದ. ಇವತ್ತು ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ನಾಲ್ಕೂ ಜೆನ್ ಡಿಜಿಟಲ್ ಅನ್ನುವ ಒಂದೇ ಕಂಪನಿಯ ಕೈಯಲ್ಲಿವೆ. ‘ಅದು ಬೇಡ, ಇದು ಹಾಕ್ಕೊಳ್ತೀನಿ’ ಅನ್ನುವಾಗ ನೆನಪಿರಲಿ.

ಸ್ಕ್ಯಾನ್ ಮಾಡಿ ಹೆದರಿಸುವುದು ಬರೀ ಬೀದಿ ಕಳ್ಳರ ಬುದ್ಧಿ ಅಂದುಕೊಳ್ಳಬೇಡಿ. ಅಮೆರಿಕದ ದೊಡ್ಡ ಅಂಗಡಿ ಸರಣಿ ಆಫೀಸ್ ಡಿಪೋದಲ್ಲಿ ಗಿರಾಕಿಗಳ ಕಂಪ್ಯೂಟರಿಗೆ ಉಚಿತ ‘ಆರೋಗ್ಯ ತಪಾಸಣೆ’ ಇತ್ತು. ಮೊದಲು ನಾಲ್ಕು ಪ್ರಶ್ನೆ: ನಿಧಾನ ಆಗಿದೆಯಾ, ಪಾಪ್‌ಅಪ್ ಬರುತ್ತಾ, ಹೀಗೆ. ಒಂದಕ್ಕೆ ಟಿಕ್ ಹಾಕಿದರೂ ಸಾಕು, ಸ್ಕ್ಯಾನ್ ಏನೇ ಕಂಡಿರಲಿ, ಫಲಿತಾಂಶದಲ್ಲಿ ‘ಮಾಲ್‌ವೇರ್ (ವೈರಸ್‌ನಂಥ ಕೆಟ್ಟ ಸಾಫ್ಟ್‌ವೇರ್) ಲಕ್ಷಣ’ ಬರುತ್ತಿತ್ತು. ಆಮೇಲೆ ರಿಪೇರಿಗೆ ದುಡ್ಡು. 2019ರಲ್ಲಿ ಆಫೀಸ್ ಡಿಪೋ ಮತ್ತು ಆ ಸಾಫ್ಟ್‌ವೇರ್ ಕೊಟ್ಟ ಕಂಪನಿ ಸೇರಿ 3 ಕೋಟಿ 50 ಲಕ್ಷ ಡಾಲರ್ ಕಟ್ಟಿ, ಇದರ ಬಗ್ಗೆ ಅದೇ ಫೆಡರಲ್ ಟ್ರೇಡ್ ಕಮಿಷನ್ ಹಾಕಿದ್ದ ಕೇಸ್ ಮುಗಿಸಿಕೊಂಡವು.

ಮತ್ತೆ ಏನು ಹಾಕ್ಕೊಳ್ಳಬೇಕು? ಏನೂ ಹಾಕ್ಕೊಳ್ಳಬೇಡಿ. 2012ರ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಒಳಗೇ ಬರುತ್ತೆ. ಒಂದು ಕಾಲಕ್ಕೆ ಅದನ್ನು ಎಲ್ಲರೂ ಆಡಿಕೊಳ್ಳುತ್ತಿದ್ದರು, ನಾನೂ ಸೇರಿ. ಈಗ ಜರ್ಮನಿಯ ಎವಿ-ಟೆಸ್ಟ್ ಲ್ಯಾಬ್‌ನ ಪರೀಕ್ಷೆಗಳಲ್ಲಿ ದುಡ್ಡು ಕೊಟ್ಟು ತರುವವುಗಳ ಸಾಲಿನಲ್ಲೇ ಒಳ್ಳೆ ಅಂಕ ತಗೊಳ್ಳುತ್ತೆ. ಇನ್ನೊಂದು ಆ್ಯಂಟಿವೈರಸ್ ಹಾಕಿದರೆ ಡಿಫೆಂಡರ್ ಹಿಂದೆ ಸರಿದು ಜಾಗ ಬಿಡುತ್ತೆ. ಎರಡು ಹಾಕಿದರೆ ಎರಡರಷ್ಟು ಕಾವಲು ಅಂತೇನೂ ಇಲ್ಲ. ಬೇರೆ ಕಡೆಯಿಂದಲೂ ಒಮ್ಮೆ ನೋಡಿಸಬೇಕು ಅನ್ನಿಸಿದರೆ, ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಇದೆ, 2017ರಿಂದ. ಅದರ ಸೈಟ್ ಸಿಎಸ್‌ಕೆ ಡಾಟ್ ಗವ್ ಡಾಟ್ ಇನ್ (csk.gov.in). ಕ್ವಿಕ್ ಹೀಲ್, ಇಸ್ಕ್ಯಾನ್ ಕಂಪನಿಗಳು ಮಾಡಿಕೊಟ್ಟ ಸ್ವಚ್ಛ ಮಾಡುವ ಟೂಲ್‌ಗಳು ಅಲ್ಲಿ ಉಚಿತ. ಆ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ, ಹುಡುಕಿ ಹೋಗಬೇಡಿ.

ಆ್ಯಂಟಿವೈರಸ್‌ಗಿಂತ ವಿಂಡೋಸ್ ಅಪ್‌ಡೇಟ್ ಮುಖ್ಯ ಅಂತ ನನ್ನ ಲೆಕ್ಕ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಜಗತ್ತನ್ನೇ ಅಳ್ಳಾಡಿಸಿತಲ್ಲ, ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ವಿಂಡೋಸ್ 10 ಇದ್ದವರಿಗೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್ ಯೋಜನೆ ಇದೆ, ಅದಕ್ಕೆ ಅಪ್‌ಡೇಟ್ ಪುಟದಲ್ಲೇ ಹೆಸರು ಸೇರಿಸಬೇಕು. ಭಾವನದು ಇನ್ನೂ 10ರಲ್ಲೇ ಇತ್ತು, ಸೇರಿಸಿ ಬಂದೆ. ನಿಧಾನಕ್ಕೆ ಕಾರಣ ಹಳೇ ಹಾರ್ಡ್ ಡಿಸ್ಕ್, ವೈರಸ್ ಅಲ್ಲ. ಅದರ ಬದಲು ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದ ಮೇಲೆ ಸರಿಹೋಯಿತು.

ಇನ್ನು ದುಡ್ಡಿನ ವಿಷಯ. ಹೀಗೇನಾದರೂ ಆದರೆ ಮೊದಲು ನೆಟ್ ಕಿತ್ತುಹಾಕಿ, ತಕ್ಷಣ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತೆ. ಆಮೇಲೆ ಬ್ಯಾಂಕಿಗೆ ತಿಳಿಸಿ ದೂರಿನ ನಂಬರ್ ತಗೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ಒಟಿಪಿ, ಪಾಸ್‌ವರ್ಡ್ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮ ತಲೆ ಮೇಲೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಮೇಲೆ. ಹಾಗಾಗಿ ತಿಳಿಸಿದ ಹೊತ್ತು ದಾಖಲೆಯಲ್ಲಿರಬೇಕು. ಪಾಸ್‌ವರ್ಡ್‌ಗಳನ್ನು ಬೇರೆ ಫೋನ್‌ನಿಂದ ಬದಲಾಯಿಸಿ, ಅದೇ ಕಂಪ್ಯೂಟರ್‌ನಲ್ಲಿ ಕೂತು ಅಲ್ಲ. ಸಿಟ್ಟಿಗೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಬಿಡಬೇಡಿ. ಆ ಸಾಫ್ಟ್‌ವೇರ್, ಸೈಟ್ ವಿಳಾಸ, ಫೋನ್ ನಂಬರ್ ಎಲ್ಲದರ ಫೋಟೋ ಮೊದಲು ತೆಗೆದಿಡಿ. ತುಮಕೂರಿನ ಸಿಇಎನ್ (ಸೈಬರ್ ಅಪರಾಧಗಳನ್ನು ನೋಡುವ) ಪೊಲೀಸ್ ಠಾಣೆಯಲ್ಲಿ ಇವನ್ನೇ ಕೇಳಿದರು, ಜೊತೆಗೆ ಹಣ ಹೋದ ವ್ಯವಹಾರದ ನಂಬರ್.

ಅಕ್ಕ ಅವತ್ತು ರಾತ್ರಿಯೇ 1930ಕ್ಕೆ ಕರೆ ಮಾಡಿದ್ದರಿಂದ 14 ಸಾವಿರ ಒಂದು ಖಾತೆಯಲ್ಲಿ ತಡೆ ಬಿದ್ದು ನಿಂತಿದೆ. ಅದನ್ನು ಬಿಡಿಸಿಕೊಳ್ಳೋಕೆ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಉಳಿದ 25 ಸಾವಿರದ ಸುದ್ದಿ ಇಲ್ಲ. ಆ 1,899 ರೂಪಾಯಿ ಪ್ರತಿ ವರ್ಷ ತಾನಾಗೇ ಕಡಿತ ಆಗುವ ಒಪ್ಪಂದ ಆಗಿತ್ತಂತೆ. ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತರಿಸಿದ್ದೇವೆ, ಆ ಒಪ್ಪಂದವನ್ನೂ ಬ್ಯಾಂಕಿನಲ್ಲಿ ಹೇಳಿ ರದ್ದು ಮಾಡಿಸಿದ್ದಾಯಿತು.