ಕೋರ್ಸೇರ್ ವೆಂಜೆನ್ಸ್ ಎಲ್‌ಪಿಎಕ್ಸ್ 16 ಜಿಬಿ ರ‍್ಯಾಮ್ ಕಿಟ್: ಸರಿಯಾದ ಸ್ಲಾಟಿಗೆ ಹಾಕಿದರೆ ಪೂರ್ತಿ ವೇಗ

ನನ್ನ ಡೆಸ್ಕ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಎಲ್ಲ ಕೆಲಸ ಮಾಡಬೇಕು. ಅದಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮ್‌ನಲ್ಲೇ ಪಾಲು ತಗೊಳ್ಳುತ್ತದೆ. ಹಾಗಾಗಿ 16 ಜಿಬಿಯ ಒಂದೇ ಸ್ಟಿಕ್ ಬದಲು, 8 ಜಿಬಿಯ ಎರಡು ಸ್ಟಿಕ್ ಇರುವ ಈ ಡಿಡಿಆರ್4-3200 ಕಿಟ್ ತಗೊಂಡೆ (ಡಿಡಿಆರ್4 ಅನ್ನುವುದು ರ‍್ಯಾಮ್‌ನ ಬಗೆ, 3200 ಅದರ ವೇಗ). ತುಂಬಾ ಖುಷಿಯಾಗಿದ್ದೇನೆ.

ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಡೇಟಾ ಓಡಾಡುವ ದಾರಿಗೆ ಚಾನೆಲ್ ಅನ್ನುತ್ತಾರೆ. ಎರಡು ಸ್ಟಿಕ್ ಎರಡು ಚಾನೆಲ್‌ನಲ್ಲಿ ಕೂತರೆ ಲೆಕ್ಕದ ಪ್ರಕಾರ ಸೆಕೆಂಡಿಗೆ 51.2 ಜಿಬಿ ಡೇಟಾ ಓಡಾಡಬಹುದು. ಒಂದೇ ಚಾನೆಲ್ ಆದರೆ ಅದರ ಅರ್ಧ. ಆದರೆ ಖಾಲಿ ಕಂಡ ಸ್ಲಾಟಿಗೆ ಸುಮ್ನೆ ಹಾಕಿದರೆ ಆಗಲ್ಲ. ನಾಲ್ಕು ಸ್ಲಾಟ್ ಇರುವ ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಬೋರ್ಡ್ ಮೇಲೆ ಎ2, ಬಿ2 ಅಂತ ಬರೆದಿರುತ್ತದೆ. ಮೊದಲ ಎರಡಕ್ಕೆ ಪಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬೀಳುತ್ತವೆ. ಬೋರ್ಡಿನ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಪವರ್ ಕೇಬಲ್ ತೆಗೆದ ಮೇಲೇ ಕೈ ಹಾಕಿ. ಸ್ಟಿಕ್‌ನ ಕೆಳಗಿರುವ ಕಚ್ಚು ಸರಿಯಾಗಿ ನಡುವಿಗಿಲ್ಲ, ಒಂದು ಕಡೆಗೆ ಸ್ವಲ್ಪ ಸರಿದಿದೆ. ಅದು ಸ್ಲಾಟಿನ ಉಬ್ಬಿಗೆ ಕೂಡಬೇಕು. ಆಮೇಲೆ ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮನಾಗಿ ಒತ್ತಿ. ನನ್ನ ಬೋರ್ಡಿನಲ್ಲಿ ಒಂದೇ ಕಡೆ ಕ್ಲಿಪ್ ಇದೆ. ಅದು ಟಕ್ ಅಂದರೂ ಇನ್ನೊಂದು ತುದಿ ಮೇಲೆದ್ದಿರಬಹುದು. ಬಗ್ಗಿ ನೋಡಿದೆ, ಬಂಗಾರದ ಬಣ್ಣದ ಗೆರೆ ಎರಡೂ ತುದಿಯಲ್ಲಿ ಒಂದೇ ಸಮ ಮುಳುಗಿತ್ತು. ಈ ಕಿಟ್ ಎತ್ತರ ಕಡಿಮೆ, ಹಾಗಾಗಿ ಕೂಲರ್‌ಗೆ ತಗುಲಲಿಲ್ಲ.

ಇಷ್ಟಾದರೂ ಕೆಲಸ ಮುಗಿಯಲ್ಲ. ಡಬ್ಬದ ಮೇಲೆ 3200 ಅಂತಿದ್ದರೂ ತಾನಾಗಿ ಓಡುವುದು 2133ರಲ್ಲಿ. ಬಯಾಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಬೇಕು. ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡಲು ಇರುವ ಸೆಟ್ಟಿಂಗ್ ಅದು. ಕೆಲವು ಎಎಂಡಿ ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಅನ್ನುತ್ತಾರೆ. ವೋಲ್ಟೇಜ್ 1.2ರಿಂದ 1.35ಕ್ಕೆ ಏರುತ್ತದೆ, ಈ ಕಿಟ್ ಅದಕ್ಕೆಂದೇ ಮಾಡಿದ್ದು, ಹೆದರಬೇಡಿ. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ನೋಡಿ. ಇಷ್ಟು ಮಾಡದೆ ಬಿಟ್ಟರೆ ದುಡ್ಡು ಕೊಟ್ಟ ವೇಗವೇ ಸಿಗಲ್ಲ, ಅಲ್ವಾ?

ಗೇಮ್‌ಗಳಲ್ಲಿ ತಡವರಿಕೆ ಎದ್ದು ಕಾಣುವಷ್ಟು ಕಮ್ಮಿಯಾಗಿದೆ. ವಿಡಿಯೋ ಎಡಿಟಿಂಗ್ ಕೂಡ ಹಗುರಾಯಿತು. ಬ್ರೌಸಿಂಗ್, ಟೈಪಿಂಗ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಬರೀ ಅಷ್ಟಕ್ಕೇ ಕಂಪ್ಯೂಟರ್ ಬಳಸುವವರು ಹೊಸ ಕಿಟ್ ಕೊಳ್ಳುವುದು ಬೇಡ. ಕೊಳ್ಳುವವರು ಹಳೆಯ ಸ್ಟಿಕ್ ಜೊತೆ ಬೆರೆಸಬೇಡಿ. ಹಳೆಯದು ನಿಧಾನದ್ದಾಗಿದ್ದರೆ ಎಲ್ಲವೂ ಅದರ ವೇಗಕ್ಕೇ ಇಳಿಯುತ್ತವೆ.